ರೋಲ್ಸ್ ರಾಯ್ಸ್ ಕಾರಿಗೆ ಕಟ್ಟಿದ ಪೊರಕೆ



ಆ ಫೋಟೋ ನಿಮ್ಮ ಗುಂಪುಗಳಿಗೂ ಬಂದಿರುತ್ತೆ. ಹಳೇ ಕಾಲದ ಕಾರೊಂದರ ಮುಂದಿನ ಚಕ್ರಗಳ ಎದುರು ಎರಡು ಪೊರಕೆ ಕಟ್ಟಿದೆ. ಕೆಳಗೊಂದು ಕತೆ. ಅಲ್ವಾರ್ ಮಹಾರಾಜ ಜೈಸಿಂಗ್ ಲಂಡನ್ನಿನಲ್ಲಿ ಮಾಮೂಲಿ ಬಟ್ಟೆ ಹಾಕ್ಕೊಂಡು ರೋಲ್ಸ್ ರಾಯ್ಸ್ ಷೋರೂಮಿಗೆ ಹೋದನಂತೆ. ಅಲ್ಲಿನವನು ಆಚೆಗೆ ಕಳಿಸಿದನಂತೆ. ರಾಜ ಪೋಷಾಕು ಹಾಕ್ಕೊಂಡು ವಾಪಸ್ ಬಂದು ಆರು ಕಾರು ಕೊಂಡು, ಊರಿಗೆ ತಂದು, ಬೀದಿ ಕಸ ಎತ್ತೋದಕ್ಕೆ ಬಿಟ್ಟನಂತೆ. ಮಾನ ಹೋದ ಕಂಪನಿ ಕ್ಷಮೆ ಕೇಳಿತಂತೆ. ಕೊನೆಯಲ್ಲಿ ಭಾರತೀಯರ ಸ್ವಾಭಿಮಾನ, ಎಲ್ಲರಿಗೂ ಕಳಿಸಿ, ಅಂತ ಇರುತ್ತೆ.

ಹೋದ ತಿಂಗಳು ನಮ್ಮ ನೆಲಮಂಗಲದ ಹುಡುಗರ ಗುಂಪಿಗೂ ಬಂತು. ನಮ್ಮ ಹುಡುಗರೇ ಚಪ್ಪಾಳೆ ಹಾಕಿದರು. ಅದಕ್ಕೇ ಇದನ್ನ ಸ್ವಲ್ಪ ಉದ್ದಕ್ಕೆ ಬರೀತಿದೀನಿ.

ಈ ಕತೆಯಲ್ಲಿ ರಾಜನ ಹೆಸರು ನಿಲ್ಲಲ್ಲ. ಒಂದ್ಸಲ ಅಲ್ವಾರ್, ಇನ್ನೊಂದ್ಸಲ ಭರತಪುರ, ಪಟಿಯಾಲ, ಹೈದರಾಬಾದಿನ ನಿಜಾಮ. ಪೊರಕೆಯ ವಿಚಾರ ಇನ್ನೂ ಸರಳ. ಆಗಿನ ರಸ್ತೆಗಳಲ್ಲಿ ಲಾಳದ ಮೊಳೆ, ಚೂಪುಗಲ್ಲು ಜಾಸ್ತಿ. ಟೈರಿಗೆ ಚುಚ್ಚಬಾರದು ಅಂತ ಚಕ್ರದ ಮುಂದೆ ಪೊರಕೆ ಕಟ್ಟುತ್ತಿದ್ದರು. ಕಾರಿನ ಕಾಳಜಿಗೆ ಕಟ್ಟಿದ್ದು ನಮ್ಮವರ ಕಣ್ಣಿಗೆ ಅವಮಾನವಾಗಿ ಕಾಣ್ತು ನೋಡಿ, ನನಗೆ ಇದೇ ಮುಖ್ಯ.

ಯಾಕೆ ಹಾಗೆ ಕಾಣುತ್ತೆ? ಕತೆ ಕಟ್ಟಿದವನಿಗೆ ಗೊತ್ತಿದೆ, ಕೇಳೋನಿಗೂ ಗೊತ್ತಿದೆ: ಈ ದೇಶದಲ್ಲಿ ಪೊರಕೆ ಹಿಡಿದ ಕೈ ಮುಟ್ಟಿದರೆ ವಸ್ತುವಿನ ಮರ್ಯಾದೆ ಹೋಗುತ್ತೆ. ಇಂಗ್ಲಿಷರಿಗೆ ಕೊಟ್ಟ ಏಟು ಅಂತೀರಿ, ಆದರೆ ಏಟು ಕೊಡೋಕೆ ಬಳಸಿದ ದೊಣ್ಣೆ ಜಾಡಮಾಲಿಯ ಜಾತಿ. ಬಟ್ಟೆ ನೋಡಿ ಹೊರಗೆ ಹಾಕಿಸಿಕೊಂಡ ರಾಜನಿಗೆ ಜೀವನದಲ್ಲಿ ಒಂದೇ ಒಂದು ಸಲ ನಮ್ಮ ಅನುಭವ ಆಯ್ತು. ಅದನ್ನ ಇಳಿಸೋಕೆ ಅವನಿಗೆ ಸಿಕ್ಕಿದ್ದೂ ನಾವೇ. ಕತೆ ನಿಜ ಅಂತಲೇ ಇಟ್ಟುಕೊಳ್ಳಿ. ಕಸ ಕಾರಿನಲ್ಲಿ ಹೋಯ್ತು, ಗುಡಿಸಿದವನು ನಡಕೊಂಡೇ ಮನೆಗೆ ಹೋದ. ಅವನಿಗೊಂದು ಹೆಸರಾದರೂ ಆ ಕತೆಯಲ್ಲಿ ಇದೆಯಾ?

ಈಗ ಕಾರಿನ ವಿಚಾರಕ್ಕೆ ಬರೋಣ. ನೆಲಮಂಗಲದಲ್ಲಿ ಇರೋರಿಗೆ ಅರ್ಥ ಮಾಡಿಸೋದು ಸುಲಭ. ತುಮಕೂರು ರಸ್ತೆ, ಹಾಸನದ ರಸ್ತೆ ಕವಲೊಡೆಯೋ ಜಾಗದಲ್ಲಿ ಸ್ವಲ್ಪ ಹೊತ್ತು ನಿಂತರೆ ಬರೀ ಚಾಸಿ ಹೋಗೋದು ಕಾಣುತ್ತೆ. ಇಂಜಿನ್, ಚಕ್ರ, ಸ್ಟೇರಿಂಗು, ತಲೆಗೆ ಟವೆಲ್ ಸುತ್ತಿಕೊಂಡ ಡ್ರೈವರ್. ಮೇಲೆ ಏನೂ ಇಲ್ಲ. ಬಾಡಿಯನ್ನ ಬೇರೆಯವರು ಕಟ್ಟುತ್ತಾರೆ. ಎರಡನೇ ಮಹಾಯುದ್ಧಕ್ಕೆ ಮುಂಚೆ ರೋಲ್ಸ್ ರಾಯ್ಸ್ ಮಾರುತ್ತಿದ್ದುದೂ ಹೀಗೆಯೇ. ಡರ್ಬಿ ಕಾರ್ಖಾನೆಯಿಂದ ಹೊರಗೆ ಬರ್ತಿದ್ದುದು ಚಾಸಿ ಮಾತ್ರ. 1925ರಲ್ಲಿ ಬಂದ ಫ್ಯಾಂಟಮ್‌ನ ಚಾಸಿಗೇ 1,850 ಪೌಂಡ್, ಅಂದರೆ ಆ ದಶಕದ ಕೊನೆಯ ದರದಲ್ಲಿ ಸುಮಾರು 25 ಸಾವಿರ ರೂಪಾಯಿ. ಬಾಡಿಯ ದುಡ್ಡು ಬೇರೆ.

ಬಾಡಿ ಕಟ್ಟೋರು ಅಂದರೆ ಬಾರ್ಕರ್, ಹೂಪರ್, ಥ್ರಪ್ ಆ್ಯಂಡ್ ಮೇಬರ್ಲಿ, ವಿಂಡೋವರ್ಸ್, ಮಲ್ಲಿನರ್, ಪಾರ್ಕ್ ವಾರ್ಡ್ ಇಂಥವರು. ಬಾರ್ಕರ್ 1710ರಿಂದ ಇದ್ದ ಮನೆತನ. ಅಂದರೆ ಕಾರು ಹುಟ್ಟೋದಕ್ಕೆ ಮುಂಚೆ ಕುದುರೆ ಸಾರೋಟು ಕಟ್ಟುತ್ತಿದ್ದ ಕೈಗಳು ಇವು. ಆ್ಯಷ್ ಮರದಲ್ಲಿ ಅಸ್ಥಿಪಂಜರ, ಅದರ ಮೇಲೆ ಸುತ್ತಿಗೆಯಲ್ಲಿ ಬಡಿದು ಬಾಗಿಸಿದ ಅಲ್ಯೂಮಿನಿಯಂ ತಗಡು. ಬಣ್ಣ ಒಂದು ಪದರ ಬಳಿಯೋದು, ಒಣಗಿಸೋದು, ಉಜ್ಜೋದು, ಮತ್ತೆ ಬಳಿಯೋದು. ವಾರಗಟ್ಟಲೆ ಇದೇ ಕೆಲಸ. ಒಳಗೆ ಕುದುರೆ ಕೂದಲು ತುಂಬಿದ ಸೀಟು, ಅದರ ಮೇಲೆ ಹದ ಮಾಡಿದ ದನದ ಚರ್ಮ. ಎಲ್ಲಾ ಮುಗಿದ ಮೇಲೆ ಬಾಗಿಲ ಹೊಸ್ತಿಲ ಹತ್ರ ಬಾಡಿ ಕಟ್ಟಿದ ಕಂಪನಿಯ ಹೆಸರಿನ ಪುಟ್ಟ ಲೋಹದ ಪಟ್ಟಿ.

ಚರ್ಮದ ಹತ್ರ ಬಂದ್ವಲ್ಲ, ಇಲ್ಲಿ ಸ್ವಲ್ಪ ನಿಲ್ಲಬೇಕು.

ಲಂಡನ್ನಿನಲ್ಲಿ ಸಾರೋಟು ಕಟ್ಟೋರ, ಕುದುರೆಗೆ ಚರ್ಮದ ಸಜ್ಜು ಹೊಲಿಯೋರ ಸಂಘಕ್ಕೆ 1677ರಲ್ಲಿ ಎರಡನೇ ಚಾರ್ಲ್ಸ್ ದೊರೆ ಸನ್ನದು ಕೊಟ್ಟ. ಚರ್ಮ ಹೊಲಿಯೋನಿಗೆ ರಾಜಮುದ್ರೆ! ಅಲ್ಲೇನು ಸ್ವರ್ಗ ಇತ್ತು ಅಂತ ಹೇಳ್ತಿಲ್ಲ. ಮಾಲೀಕನ ಹೆಸರು ಹೊಸ್ತಿಲ ಮೇಲೆ ಕೂತಿತು, ಸೀಟು ಹೊಲಿದವನ ಹೆಸರು ಅಲ್ಲೂ ಬರಲಿಲ್ಲ. ಅದಕ್ಕೇ 1834ರಲ್ಲಿ ಸಾರೋಟು ಕೆಲಸಗಾರರು ತಮ್ಮದೇ ಯೂನಿಯನ್ ಕಟ್ಟಿಕೊಂಡರು. ಆದರೆ ಸಾಯಂಕಾಲ ಕೈ ತೊಳಕೊಂಡು ಆಚೆ ಬಂದ ಮೇಲೆ ಅವನು ಬಾವಿ ಮುಟ್ಟಬಹುದಿತ್ತು, ಹೋಟೆಲಿನಲ್ಲಿ ಕೂರಬಹುದಿತ್ತು.

ಇಲ್ಲಿ? ನಮ್ಮ ಮಾದಿಗರ ಹಟ್ಟಿಗಳಲ್ಲೂ ಅದೇ ವಿದ್ಯೆ ಇತ್ತು. ಸುಣ್ಣದ ನೀರಲ್ಲಿ ನೆನೆಸಿ ಕೂದಲು ತೆಗೆಯೋದು, ತಂಗಡಿ ತೊಗಟೆ ಹಾಕಿ ಹದ ಬರಿಸೋದು, ರಂಪಿಗೆಯಲ್ಲಿ ಕೊಯ್ಯೋದು, ದಾರ ಕಾಣದ ಹಾಗೆ ಹೊಲಿಯೋದು. ಈ ತಂಗಡಿ ತೊಗಟೆಯಲ್ಲಿ ಹದ ಮಾಡಿದ ಚರ್ಮವನ್ನೇ ಮದರಾಸಿನ ವ್ಯಾಪಾರಿಗಳು ಹಡಗಿಗೆ ತುಂಬಿ ಲಂಡನ್ ಮಾರುಕಟ್ಟೆಗೆ ಕಳಿಸ್ತಿದ್ದರು. ಅಲ್ಲಿ ಅದಕ್ಕೆ ಈಸ್ಟ್ ಇಂಡಿಯಾ ಚರ್ಮ ಅಂತ ಹೆಸರು, ಒಳ್ಳೇ ಬೇಡಿಕೆ.

ಊರಿನ ಕಪಿಲೆ ಬಾನಿಯನ್ನೇ ತಗೊಳ್ಳಿ. ಪಂಪ್‌ಸೆಟ್ಟು ಬರೋಕೆ ಮುಂಚೆ ಎತ್ತು ಕಟ್ಟಿ ಬಾವಿಯಿಂದ ನೀರು ಎತ್ತುತ್ತಿದ್ದ ಚರ್ಮದ ಚೀಲ ಅದು. ಹೊಲಿಗೆ ಸ್ವಲ್ಪ ಬಿಟ್ಟರೂ ಅರ್ಧ ನೀರು ವಾಪಸ್ ಬಾವಿಗೆ. ಹಾಗೆ ಸೋರದಂತೆ ಹೊಲಿಯೋನು ಇಂಜಿನಿಯರ್ ಅಲ್ಲದೆ ಇನ್ನೇನು? ಆ ಬಾನಿ ಬಾವಿಗೆ ಇಳಿಯಬಹುದು, ಅದರ ನೀರಲ್ಲಿ ಗೌಡರ ಗದ್ದೆ ಬೆಳೀಬಹುದು. ಬಾನಿ ಹೊಲಿದವನು ಮಾತ್ರ ಬಾವಿ ಕಟ್ಟೆ ಹತ್ತಬಾರದು. ಅರಮನೆಯಲ್ಲಿ ಚರ್ಮದ ಸೀಟಿನ ಮೇಲೆ ಕೂತವರಿಗೆ ಮೈಲಿಗೆ ಆಗಲಿಲ್ಲ, ಗಮನಿಸಿ. ಸತ್ತ ದನದ ಚರ್ಮ ಸಮುದ್ರ ದಾಟಿ ಬಂದರೆ ಅದು ಅಂತಸ್ತು.

ಇನ್ನು ನಮ್ಮ ಮೈಸೂರು. ನಾಲ್ವಡಿ ಕೃಷ್ಣರಾಜ ಒಡೆಯರು ರೋಲ್ಸ್ ರಾಯ್ಸ್ ಕೊಳ್ಳುವಾಗ ಒಂದೆರಡು ಕೊಳ್ತಿರಲಿಲ್ಲ, ಒಂದೇ ಸಲಕ್ಕೆ ಏಳರಂತೆ ಕೊಳ್ತಿದ್ದರು, ಅದಕ್ಕೇ ಕಂಪನಿಯೊಳಗೆ ಒಟ್ಟಿಗೆ ಖರೀದಿ ಮಾಡೋದಕ್ಕೆ ‘ಮೈಸೂರು ಮಾಡೋದು’ ಅನ್ನೋ ಮಾತೇ ಹುಟ್ಟಿತು ಅಂತ ಹಳೇ ಕಾರಿನ ಹುಚ್ಚಿನವರು ಈಗಲೂ ಹೇಳ್ತಾರೆ. ಹೇಳಿಕೊಳ್ಳಲಿ. ನನಗೆ ಸಿಟ್ಟು ಬರೋದು ನಾಲ್ವಡಿಯವರ ಮೇಲಲ್ಲ. ಅವರ ಕಾಲದಲ್ಲಿಯೇ, 1915ರಲ್ಲಿ, ಸರ್ಕಾರಿ ಶಾಲೆಯ ಬಾಗಿಲು ಅಸ್ಪೃಶ್ಯ ಮಕ್ಕಳಿಗೆ ತೆರೆಯಿತು. 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಕ ಆಯ್ತು. ಬ್ರಾಹ್ಮಣೇತರರಿಗೆ ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಸಿಗಬೇಕು ಅಂತ ಅದು ಹೇಳಿತು. ಅದೇ ವಿಚಾರಕ್ಕೆ ದಿವಾನ್ ವಿಶ್ವೇಶ್ವರಯ್ಯನವರು ಹುದ್ದೆಯನ್ನೇ ಬಿಟ್ಟರು. ಅದೇ ರಾಜ, ಅದೇ ಕಾಲ. ಏಳು ಕಾರಿನ ಕತೆ ದಿನಾ ಮೊಬೈಲಿಗೆ ಬರುತ್ತೆ, ಮಿಲ್ಲರ್ ವರದಿಯ ಕತೆಯನ್ನ ಯಾರಾದರೂ ನಿಮಗೆ ಕಳಿಸಿದಾರಾ?

ಪೊರಕೆಗೆ ಸಂಬಂಧಪಟ್ಟ ನಿಜವಾದ ಕತೆಯೂ ನಮ್ಮ ರಾಜ್ಯದಲ್ಲಿದೆ. ದೇವರಾಜ ಅರಸರ ಸರ್ಕಾರದಲ್ಲಿ ಪೌರಾಡಳಿತ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ತಲೆ ಮೇಲೆ ಮಲ ಹೊರುವ ಪದ್ಧತಿಯನ್ನ ನಿಷೇಧ ಮಾಡಿದರು. ಇಡೀ ದೇಶಕ್ಕೆ ಕಾನೂನು ಬರೋದಕ್ಕೆ 1993 ಆಗಬೇಕಾಯ್ತು. ಪೌರಕಾರ್ಮಿಕರ ಬದುಕಿನ ಬಗ್ಗೆ ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲಿ ವರದಿ ಕೊಟ್ಟಿತು. ಇವತ್ತಿಗೂ ಪೌರಕಾರ್ಮಿಕರ ಧರಣಿಗಳಲ್ಲಿ ಆ ವರದಿಯ ಹೆಸರು ಕೂಗ್ತೀವಿ. ಇವರಲ್ಲಿ ಯಾರೂ ರೋಲ್ಸ್ ರಾಯ್ಸಿನಲ್ಲಿ ಕಸ ತುಂಬಿಸಲಿಲ್ಲ, ತಲೆ ಮೇಲಿನ ಬಕೆಟ್ಟು ಇಳಿಸಿದರು.

1927ರಲ್ಲಿ ಮಹಾಡ್‌ನಲ್ಲಿ ಸತ್ತ ದನದ ಬಾಡು ಬಿಡಿ ಅಂತ ಬಾಬಾಸಾಹೇಬರು ಕರೆ ಕೊಟ್ಟರು. ನಮ್ಮ ಕಡೆಯೂ ಎಷ್ಟೋ ಹಟ್ಟಿಗಳು ದನ ಹೊರೋದು, ಚರ್ಮ ಹದ ಮಾಡೋದು ನಿಲ್ಲಿಸಿದವು. ಸರಿಯಾಗೇ ಮಾಡಿದರು. ಮತ್ತೆ ಆ ಗುಂಡಿಗೆ ಇಳೀರಿ ಅಂತ ಯಾವನಾದರೂ ಕರಕುಶಲ ಪರಂಪರೆಯ ಮಾತಾಡಿದರೆ ಅವನೇ ಮೊದಲು ಇಳೀಲಿ. ಆದರೆ ಕೆಲಸ ಬಿಟ್ಟಾಗ ಮಾಡಿದವರ ಹೆಸರೂ ಬಿಟ್ಟು ಹೋಯ್ತು. ಬಾರ್ಕರ್ ಕಂಪನಿ 1938ರಲ್ಲಿ ಹೂಪರ್ ಕೈಗೆ ಹೋಯ್ತು, ಆದರೂ ಯಾವ ಚಾಸಿಗೆ ಯಾರು ಬಾಡಿ ಕಟ್ಟಿದರು ಅನ್ನೋದು ನಂಬರ್ ಸಮೇತ ಸಿಗುತ್ತೆ. ನಮ್ಮ ತಾಲ್ಲೂಕಿನ ಬಾವಿಗಳಿಗೆ ಬಾನಿ ಹೊಲಿದ ಒಬ್ಬರ ಹೆಸರನ್ನೂ ಯಾವ ಸರ್ಕಾರಿ ಪುಸ್ತಕದಲ್ಲೂ ನಾನು ಕಂಡಿಲ್ಲ.

ಹಾಗಾಗಿ ಒಂದು ಕೆಲಸ. ನಿಮ್ಮ ಹಟ್ಟಿಯಲ್ಲಿ 75, 80 ದಾಟಿದ ತಾತಂದಿರು, ಅಜ್ಜಿಯರು ಇದ್ದರೆ ಕೂತು ಕೇಳಿ. ಬಾನಿ ಯಾರು ಹೊಲೀತಿದ್ದರು, ಯಾವ ಬಾವಿಗೆ, ಒಂದಕ್ಕೆ ಎಷ್ಟು ರಾಗಿ ಕೊಡ್ತಿದ್ದರು, ಮಿಣಿ ಹೊಸೀತಿದ್ದವರು ಯಾರು, ತಂಗಡಿ ಎಲ್ಲಿಂದ ತರ್ತಿದ್ದರು. ಅವರ ಒಪ್ಪಿಗೆ ಕೇಳಿ ಮೊಬೈಲಲ್ಲೇ ರೆಕಾರ್ಡ್ ಮಾಡಿ. ರಂಪಿಗೆ, ಉಳಿ ಏನಾದರೂ ಅಟ್ಟದ ಮೇಲೆ ಉಳಿದಿದ್ದರೆ ಗುಜರಿಗೆ ಹಾಕಬೇಡಿ. ನೆಲಮಂಗಲ ತಾಲ್ಲೂಕಿನಲ್ಲಿ ನಾವು ನಾಲ್ಕು ಜನ ಈ ಭಾನುವಾರದಿಂದ ಶುರು ಮಾಡ್ತಿದೀವಿ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆಯವರು ಯಾರಾದರೂ ಜೊತೆಗೆ ಬರೋ ಹಾಗಿದ್ದರೆ ಇಲ್ಲೇ ಕೆಳಗೆ ಬರೀರಿ.