ತಟ್ಟೆಯಲ್ಲಿ ಆಲೂಗಡ್ಡೆಯ ಜಾಗ

ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ಕೂಡಲೇ ನಮ್ಮ ಮನೆಗಳಿಂದ ಮೊದಲು ಗಡಿಪಾರಾಗುವುದು ಆಲೂಗಡ್ಡೆ. ಅನ್ನ ಉಳಿಯುತ್ತದೆ, ಇಡ್ಲಿ ಉಳಿಯುತ್ತದೆ, ಉಪ್ಪಿಟ್ಟಿಗೂ ಮಾಫಿ ಸಿಗುತ್ತದೆ. ಈ ಶಿಕ್ಷೆಗೆ ಆಧಾರವೇನು ಎಂದು ಹುಡುಕುತ್ತ ಹೋದರೆ, ಪೋಷಣಾ ವಿಜ್ಞಾನ ಈ ಗಡ್ಡೆಯ ಬಗ್ಗೆ ತಾನು ಕೇಳುವ ಪ್ರಶ್ನೆಯನ್ನೇ ಮತ್ತೆ ಮತ್ತೆ ಬದಲಿಸಿಕೊಂಡದ್ದು ಕಾಣುತ್ತದೆ.

ಹದಿನೆಂಟನೇ ಶತಮಾನದ ಯುರೋಪಿನಲ್ಲಿ ಇದನ್ನು ತಿನ್ನಬಹುದೇ ಎಂಬುದೇ ಅನುಮಾನವಾಗಿತ್ತು. ಫ್ರೆಂಚ್ ಸೇನೆಯ ಔಷಧಿಕಾರ ಪಾರ್ಮೆಂಟಿಯರ್ ಪ್ರಷ್ಯಾದಲ್ಲಿ ಯುದ್ಧಕೈದಿಯಾಗಿದ್ದಾಗ ಇದನ್ನೇ ತಿಂದು ಗಟ್ಟಿಮುಟ್ಟಾಗಿ ಉಳಿದ; ಊರಿಗೆ ಮರಳಿ ಅದರ ಪರವಾಗಿ ಜೀವನವಿಡೀ ವಾದಿಸಿದ. ಇಪ್ಪತ್ತನೇ ಶತಮಾನದ ಆರಂಭದ ಹೊತ್ತಿಗೆ ಪ್ರಶ್ನೆ ಪ್ರೋಟೀನಿನ ಕಡೆ ಹೊರಳಿತು. ಡೆನ್ಮಾರ್ಕಿನ ವೈದ್ಯ ಮಿಕೆಲ್ ಹಿಂಡ್‌ಹೆಡೆ ತನ್ನ ಸಹಾಯಕನಿಗೆ ತಿಂಗಳುಗಟ್ಟಲೆ ಆಲೂಗಡ್ಡೆ ಮತ್ತು ಮಾರ್ಗರಿನ್ ತಿನ್ನಿಸಿ, ಮಾಂಸವಿಲ್ಲದೆಯೂ ದುಡಿಯುವ ಶಕ್ತಿ ಉಳಿಯುತ್ತದೆಂದು ತೋರಿಸಿದ. 1928ರಲ್ಲಿ ಕಾನ್ ಮತ್ತು ಕ್ಲೈನ್ ಪ್ರಕಟಿಸಿದ ಪ್ರಯೋಗದಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು 167 ದಿನ ಪ್ರೋಟೀನಿಗೆ ಬಹುಮಟ್ಟಿಗೆ ಆಲೂಗಡ್ಡೆಯನ್ನೇ ನಂಬಿ ಆರೋಗ್ಯವಾಗಿದ್ದರು. ಬೇಸರವೂ ಬರಲಿಲ್ಲವಂತೆ, ಒಗ್ಗರಣೆ ಕಂಡ ನಾಲಿಗೆಗೆ ಇದನ್ನು ನಂಬುವುದು ಕಷ್ಟ.

ಮಾನ ಹೋದದ್ದು 1981ರಲ್ಲಿ. ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆಂದು ಅಳೆಯುವ ಗ್ಲೈಸೆಮಿಕ್ ಸೂಚ್ಯಂಕವನ್ನು ಮಂಡಿಸಿದರು. ಗ್ಲೂಕೋಸಿಗೆ 100 ಎಂದಿಟ್ಟರೆ ಆಲೂಗಡ್ಡೆ ಮೇಲಿನ ಸಾಲಿನಲ್ಲೇ ನಿಂತಿತು. ಬೆಂದಾಗ ಅದರ ಪಿಷ್ಟ ನೀರು ಹೀರಿ ಊದಿಕೊಳ್ಳುತ್ತದೆ, ಕರುಳಿನ ಕಿಣ್ವಗಳಿಗೆ ಸಲೀಸಾಗಿ ಸಿಗುತ್ತದೆ. ಆದರೆ ಮುಂದೆ ಅಳೆದವರಿಗೆಲ್ಲ ಒಂದೇ ಅಂಕಿ ಸಿಗಲಿಲ್ಲ. ತಳಿ, ಬೇಯಿಸಿದ ಬಗೆ, ತಿನ್ನುವಾಗಿನ ಬಿಸಿ ಇವೆಲ್ಲ ಫಲಿತಾಂಶವನ್ನು ಬದಲಿಸುತ್ತಿದ್ದವು. ಬೇಯಿಸಿ ಆರಿಸಿದರೆ ಪಿಷ್ಟದ ಒಂದು ಪಾಲು ಮತ್ತೆ ಬಿಗಿದುಕೊಂಡು ಜೀರ್ಣಕ್ಕೆ ಸುಲಭವಾಗಿ ಬಗ್ಗದು. ಬ್ರಿಟನ್ನಿನ ಇಂಗ್ಲಿಸ್ಟ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಹೆಸರಿಟ್ಟ ನಿರೋಧಕ ಪಿಷ್ಟ ಇದೇ. ಈಗಿನ ಆರೋಗ್ಯ ವಿಡಿಯೋಗಳು ಇದನ್ನು ಪವಾಡವೆಂಬಂತೆ ಹೇಳುತ್ತವೆ. ನೂರು ಗ್ರಾಮಿಗೆ ಹೆಚ್ಚುವುದು ಒಂದೆರಡು ಗ್ರಾಂ ಅಷ್ಟೇ.

1995ರಲ್ಲಿ ಸಿಡ್ನಿಯ ಸುಸಾನಾ ಹೋಲ್ಟ್ ತಂಡ ಬೇರೆಯದೇ ಪ್ರಶ್ನೆ ಕೇಳಿತು: ಒಂದೇ ಪ್ರಮಾಣದ ಕ್ಯಾಲೊರಿಯಲ್ಲಿ ಹೊಟ್ಟೆ ತುಂಬಿಸುವುದು ಯಾವುದು? 38 ಆಹಾರಗಳಲ್ಲಿ ಬಿಳಿ ಬ್ರೆಡ್ಡಿಗೆ 100 ಅಂಕ ಕೊಟ್ಟರೆ ಬೇಯಿಸಿದ ಆಲೂಗಡ್ಡೆಗೆ 323, ಎಲ್ಲಕ್ಕಿಂತ ಮೇಲು. ಮುಕ್ಕಾಲು ಪಾಲಿಗೂ ಮಿಕ್ಕಿ ನೀರೇ ಇರುವ ಗಡ್ಡೆಗೆ ಇದು ಅಚ್ಚರಿಯಲ್ಲ. ನೂರು ಗ್ರಾಂ ಬೇಯಿಸಿದ ಆಲೂಗಡ್ಡೆಯಲ್ಲಿ ಸುಮಾರು 87 ಕ್ಯಾಲೊರಿ, ಅಷ್ಟೇ ತೂಕದ ಅನ್ನದಲ್ಲಿ ಸುಮಾರು 130. ಎಣ್ಣೆಯಲ್ಲಿ ಕರಿದು ಫ್ರೆಂಚ್ ಫ್ರೈ ಮಾಡಿದರೆ ಮುನ್ನೂರು ದಾಟುತ್ತದೆ, ಚಿಪ್ಸ್ ಐನೂರು.

ಆಮೇಲೆ ದೊಡ್ಡ ಜನಸಮೂಹಗಳ ಅಧ್ಯಯನಗಳು ಬಂದವು. ಅಮೆರಿಕದ ದಾದಿಯರ ದೀರ್ಘಕಾಲೀನ ಅಧ್ಯಯನ 2006ರಲ್ಲಿ ಆಲೂಗಡ್ಡೆಗೂ ಟೈಪ್-2 ಮಧುಮೇಹಕ್ಕೂ ನಂಟಿದೆ ಎಂದಿತು. ಎರಡು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಆಧರಿಸಿ 2025ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಪ್ರಬಂಧ ಆ ನಂಟನ್ನು ಬಿಡಿಸಿ ನೋಡಿತು. ವಾರಕ್ಕೆ ಮೂರು ಸಲ ಫ್ರೆಂಚ್ ಫ್ರೈ ತಿಂದವರಲ್ಲಿ ಅಪಾಯ ಶೇ. 20ರಷ್ಟು ಹೆಚ್ಚು. ಬೇಯಿಸಿದ, ಸುಟ್ಟ, ಹಿಸುಕಿದ ಆಲೂಗಡ್ಡೆಯಲ್ಲಿ ಗಣನೀಯ ಏರಿಕೆ ಕಾಣಲಿಲ್ಲ. ಆಲೂಗಡ್ಡೆಯ ಬದಲು ಇಡೀ ಧಾನ್ಯ ತಿಂದರೆ ಅಪಾಯ ಇಳಿಯುವ, ಬಿಳಿ ಅಕ್ಕಿ ತಿಂದರೆ ಏರುವ ಲೆಕ್ಕ ಸಿಕ್ಕಿತು. ಇವೆಲ್ಲ ಗಮನಿಸಿ ಬರೆದ ಅಂಕಿಗಳು. ಕಾರಣವನ್ನು ಸಾಬೀತು ಮಾಡುವುದಿಲ್ಲ. ಇನ್ನೊಂದು ಕಡೆ, ಆಲೂಗಡ್ಡೆ ನಿರಪಾಯ ಎನ್ನುವ ಪ್ರಯೋಗಗಳಲ್ಲಿ ಹಲವಕ್ಕೆ ಹಣ ಬಂದದ್ದು ಆಲೂ ಉದ್ಯಮದಿಂದ. ಎರಡನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಓದಬೇಕು.

ಅಲ್ಲಿನ ಲೆಕ್ಕವನ್ನು ಹಾಸನ, ಚಿಕ್ಕಬಳ್ಳಾಪುರಗಳ ತಟ್ಟೆಗೆ ಹಾಗೇ ಇಳಿಸುವಂತಿಲ್ಲ ಎಂಬುದು ನನ್ನ ತಕರಾರು. ಅಮೆರಿಕದವರು ಆಲೂಗಡ್ಡೆಯನ್ನು ಅನೇಕ ವೇಳೆ ಬ್ರೆಡ್ಡು, ಅನ್ನದ ಜಾಗದಲ್ಲಿ ತಿನ್ನುತ್ತಾರೆ. ನಾವು ದೋಸೆಯೊಳಗೆ ಪಲ್ಯವಿಟ್ಟು, ಪೂರಿಗೆ ಸಾಗು ಹಾಕಿಕೊಂಡು, ಅನ್ನದ ಹುಳಿಗೆ ಹೋಳು ಹಾಕಿ, ಪಿಷ್ಟದ ಮೇಲೆ ಪಿಷ್ಟ ತಿನ್ನುತ್ತೇವೆ. ಇಲ್ಲಿ ಅದು ಅನ್ನದ ಬದಲಿಯಲ್ಲ, ಹುರುಳಿಕಾಯಿಯ, ಸೊಪ್ಪಿನ ಜಾಗ ಕಬಳಿಸಿದ ತರಕಾರಿ. ದಿನಕ್ಕೆ 400 ಗ್ರಾಂ ಹಣ್ಣು-ತರಕಾರಿ ತಿನ್ನಿ ಎನ್ನುವ ವಿಶ್ವ ಆರೋಗ್ಯ ಸಂಸ್ಥೆ ಆಲೂಗಡ್ಡೆಯನ್ನು ಆ ಲೆಕ್ಕಕ್ಕೆ ಸೇರಿಸುವುದೇ ಇಲ್ಲ. ಹಾಗಾಗಿ ಪಲ್ಯ ಮಾಡಿದ ದಿನ ಒಂದು ಸೌಟು ಅನ್ನ ಕಡಿಮೆ ಬಡಿಸಿಕೊಂಡು, ಪಕ್ಕದಲ್ಲಿ ಸೊಪ್ಪಿನ ಸಾರೋ ಕೋಸಂಬರಿಯೋ ಇದ್ದರೆ, ಸಕ್ಕರೆ ಇರುವವರೂ ನಾಲ್ಕು ಹೋಳಿಗೆ ಹೆದರಬೇಕಿಲ್ಲ.

ಕರಿದದ್ದರ ಮೇಲೆ ಇನ್ನೊಂದು ಆರೋಪ ಬಂದದ್ದು 2002ರ ಏಪ್ರಿಲ್‌ನಲ್ಲಿ, ಸ್ವೀಡನ್ನಿನಿಂದ. ಆಲೂಗಡ್ಡೆಯಲ್ಲಿರುವ ಆಸ್ಪರಾಜಿನ್ ಎಂಬ ಅಮೈನೋ ಆಮ್ಲವೂ ಸಕ್ಕರೆಯೂ 120 ಡಿಗ್ರಿಗಿಂತ ಹೆಚ್ಚಿನ ಕಾವಿನಲ್ಲಿ ಸೇರಿ ಅಕ್ರಿಲಮೈಡ್ ಹುಟ್ಟುತ್ತದೆ. ಪ್ರಾಣಿಗಳಲ್ಲಿ ಇದು ಕ್ಯಾನ್ಸರ್ ತರುವುದು ಗೊತ್ತು. ಊಟದ ಮೂಲಕ ಮನುಷ್ಯರಲ್ಲಿ ಎಷ್ಟೆಂಬ ವಾದ ಮುಗಿದಿಲ್ಲ. ನೀರಿನಲ್ಲಿ ಬೇಯಿಸುವಾಗ ಕಾವು ಅಷ್ಟು ಏರದು, ಆದ್ದರಿಂದ ಈ ತೊಂದರೆಯಿಲ್ಲ. ತಣ್ಣಗಿನ ಗೋದಾಮಿನಲ್ಲೋ ಫ್ರಿಜ್ಜಿನಲ್ಲೋ ಇಟ್ಟ ಗಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿ, ಎಣ್ಣೆಗೆ ಬಿಟ್ಟೊಡನೆ ಕಂದುಗಟ್ಟುತ್ತದೆ. ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ 1998ರಲ್ಲಿ ಬಿಡುಗಡೆ ಮಾಡಿದ ಕುಫ್ರಿ ಚಿಪ್ಸೋನಾ ತಳಿಗಳಲ್ಲಿ ಸಕ್ಕರೆಯಂಶ ಕಡಿಮೆ. ಚಿಪ್ಸ್ ಉದ್ಯಮಕ್ಕೆ ಬೇಕಿದ್ದುದು ಬಿಳಿ ಬಣ್ಣ, ಜನರಿಗೆ ಅದರಿಂದ ಪುಕ್ಕಟೆ ಲಾಭ.

ಅಡುಗೆಮನೆಗೆ ಇದರಿಂದ ದಕ್ಕುವುದು ಸರಳ. ಗಾಳಿಯಾಡುವ ಕತ್ತಲೆ ಮೂಲೆಯಲ್ಲಿಡಿ, ಫ್ರಿಜ್ಜಿನಲ್ಲಿ ಬೇಡ. ಸಿಪ್ಪೆ ಸಮೇತ ಇಡಿಯಾಗಿ ಬೇಯಿಸಿದರೆ ವಿಟಮಿನ್ ಸಿ, ಪೊಟ್ಯಾಸಿಯಂ ನೀರಿಗೆ ಸೋರುವುದು ಕಡಿಮೆ. ಒಗ್ಗರಣೆಗೆ ಒಂದೆರಡು ಚಮಚ ಎಣ್ಣೆ ಸಾಕು. ಕರಿಯಲೇಬೇಕಾದರೆ ಹೊಂಬಣ್ಣಕ್ಕೇ ತೆಗೆಯಿರಿ. ಹಸಿರುಗಟ್ಟಿದ ಭಾಗವನ್ನೂ ಮೊಳಕೆಯನ್ನೂ ಆಳವಾಗಿ ಕೆತ್ತಿ ಬಿಸಾಡಿ, ತುಂಬ ಹಸಿರಾಗಿದ್ದರೆ ಗಡ್ಡೆಯನ್ನೇ ಬಿಸಾಡಿ. ಅದರೊಳಗಿನ ಸೊಲನೈನ್ ವಿಷ ಬೇಯಿಸಿದರೂ ಹೋಗದು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಮಿತಿ ಹಾಕಿಸಿಕೊಂಡವರಿಗೆ ಮಾತ್ರ ಬೇಯಿಸುವ ಕ್ರಮ ತಿರುವುಮುರುವು: ಸಿಪ್ಪೆ ಹೆರೆದು, ಸಣ್ಣಗೆ ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಬಸಿದು ಚೆಲ್ಲಬೇಕು.