ಕೋಲುಮಂಡೆ, ಕಪ್ಪಡಿ, ಚೆಂಡೆ: ಹಿಪ್‌ಹಾಪ್‌ನ ಹೊಸತನ ಕುರಿತು ಒಂದು ಟಿಪ್ಪಣಿ

ಹಿಪ್‌ಹಾಪ್ ಮೊದಲೆರಡು ದಶಕಗಳಲ್ಲೇ ತನ್ನ ಸತ್ವವನ್ನೆಲ್ಲ ಖರ್ಚು ಮಾಡಿಕೊಂಡಿತು ಎನ್ನುವವರಿದ್ದಾರೆ. ಅವರ ವಾದಕ್ಕೆ ಆಧಾರವಿಲ್ಲದಿಲ್ಲ. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಡಿಜೆ ಕೂಲ್ ಹರ್ಕ್ ಹಾಡಿನೊಳಗಿನ ಬರೀ ತಾಳದ ತುಣುಕನ್ನು ಹಿಗ್ಗಿಸಿ ಕುಣಿಸಿದ. ಮುಂದೆ ಹಳೆಯ ಗಾನತಟ್ಟೆಗಳ ಚೂರುಗಳನ್ನು ಪೋಣಿಸುವುದೇ (ಸ್ಯಾಂಪ್ಲಿಂಗ್) ಒಂದು ಕಲೆಯಾಯಿತು. 1991ರಲ್ಲಿ ಅಲ್ಲಿನ ನ್ಯಾಯಾಲಯ ಅನುಮತಿಯಿಲ್ಲದ ಸ್ಯಾಂಪ್ಲಿಂಗ್ ತಪ್ಪೆಂದ ಮೇಲೆ ಆ ಕಲೆ ದುಬಾರಿಯಾಯಿತು. ಆದರೆ ಇದು ಸಲಕರಣೆಯ ಚರಿತ್ರೆ. ರ‍್ಯಾಪ್‌ನ ಜೀವವಿರುವುದು ಮಾತು ತಾಳದ ಮೇಲೆ ಕೂರುವ ಬಗೆಯಲ್ಲಿ. ಹೊಸತನವನ್ನು ಅಲ್ಲೇ ಹುಡುಕಬೇಕು.

ನಮ್ಮ ಸೀಮೆಯಲ್ಲಿ ಇದನ್ನು ಪರೀಕ್ಷಿಸಲು ಒಳ್ಳೆಯ ಸಂದರ್ಭವಿದೆ. ಕೃಷ್ಣರಾಜನಗರ ತಾಲ್ಲೂಕಿನ ಕಪ್ಪಡಿಯಲ್ಲಿ, ಕಾವೇರಿಯ ದಡದಲ್ಲಿರುವ, ಮಂಟೇಸ್ವಾಮಿಯ ಶಿಷ್ಯ ರಾಚಪ್ಪಾಜಿಯ ಗದ್ದುಗೆಯಲ್ಲಿ, ಶಿವರಾತ್ರಿಯಿಂದ ಯುಗಾದಿಯವರೆಗೆ ಜಾತ್ರೆ. ಅಲ್ಲಿ ಮಂಟೇಸ್ವಾಮಿ ಪರಂಪರೆಯ ಕಥೆ ಹಾಡುವ ನೀಲಗಾರರ ಹಾಡಿಕೆಯನ್ನು ಗಮನಿಸಿ: ಮುಖ್ಯ ಗಾಯಕನ ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ಹಾಡುತ್ತಾ ಹಾಡುತ್ತಾ ಆತ ಮಾತಿಗಿಳಿಯುತ್ತಾನೆ, ಕಥೆ ಬಿಗಿಯಾದಂತೆ ಮಾತೇ ಲಯ ಹಿಡಿದು ಮತ್ತೆ ಹಾಡಾಗುತ್ತದೆ. ಸಾಲಿನ ಕೊನೆಯನ್ನು ಹಿಮ್ಮೇಳ ಎತ್ತಿಕೊಳ್ಳುತ್ತದೆ. ಮಾತು ಎಲ್ಲಿ ಮುಗಿದು ಹಾಡು ಎಲ್ಲಿ ಶುರುವಾಯಿತೆಂದು ಗೆರೆ ಎಳೆಯುವುದು ಕಷ್ಟ. ರ‍್ಯಾಪರ್ ಕಲಿಯಬೇಕಾದದ್ದು ಇದೇ ಎಂದು ನನ್ನ ಬಲವಾದ ನಂಬಿಕೆ.

ಜನಪದವನ್ನು ನಮ್ಮ ರ‍್ಯಾಪ್ ಮುಟ್ಟಿದ್ದೂ ಉಂಟು. 2020ರ ಆಗಸ್ಟ್‌ನಲ್ಲಿ ಕನ್ನಡದ ರ‍್ಯಾಪರ್ ಚಂದನ್ ಶೆಟ್ಟಿ ‘ಕೋಲುಮಂಡೆ’ಯನ್ನು ಹೊಸ ಬೀಟ್‌ನಲ್ಲಿ ತಂದರು. 1996ರ ‘ಜನುಮದ ಜೋಡಿ’ ಚಿತ್ರದಿಂದಲೂ ಜನಪ್ರಿಯವಾಗಿದ್ದ ಜನಪದ ಹಾಡು ಅದು. ವಿಡಿಯೊದಲ್ಲಿ ಶರಣೆ ಸಂಕಮ್ಮನನ್ನು ತೋರಿಸಿದ ರೀತಿಗೆ ಮಾದಪ್ಪನ (ಮಲೆ ಮಾದೇಶ್ವರನ) ಭಕ್ತರು ಸಿಡಿದೆದ್ದರು. ಗಾಯಕರು ಕ್ಷಮೆ ಕೇಳಿದರು. ಸಂಕಮ್ಮ ಯಾರೆಂದು ಬಲ್ಲವರಿಗೆ ಆ ನೋವು ಅರ್ಥವಾಗುತ್ತದೆ. ಗಂಡ ನೀಲೇಗೌಡ ಕೇಳಿದ ಭಾಷೆ ಕೊಡಲು ಒಪ್ಪದೆ ಚಿತ್ರಹಿಂಸೆ ಉಂಡವಳು, ಮಾದೇಶ್ವರ ಕಾವ್ಯದಲ್ಲಿ ತನ್ನದೇ ‘ಸಾಲು’ (ಕಥಾಭಾಗ) ಪಡೆದವಳು. ಆದರೆ ಸಂಶೋಧಕನಾಗಿ ನನ್ನ ತಕರಾರು ಇನ್ನೊಂದು. ಅಲ್ಲಿ ಪಲ್ಲವಿಯನ್ನು ಎತ್ತಿಕೊಂಡರು, ಕಥನದ ಲಯವನ್ನು ಬಿಟ್ಟರು. ಹಾಡು ಜನಪದದ್ದು, ನಡಿಗೆ ಡಿಸ್ಕೊದ್ದು.

ಬೆಂಗಳೂರಿನಲ್ಲಿ ರ‍್ಯಾಪರ್ ಆಗಿ ಹೆಸರು ಮಾಡಿದ ಕೇರಳ ಮೂಲದ ಹನುಮಾನ್‌ಕೈಂಡ್ 2025ರ ‘ರನ್ ಇಟ್ ಅಪ್’ನಲ್ಲಿ ಹೋಗಿರುವ ದಾರಿ ಬೇರೆ. ಅಲ್ಲಿ ಚೆಂಡೆ ಹಿನ್ನೆಲೆಯ ಅಲಂಕಾರವಲ್ಲ. ಇಂಗ್ಲಿಷ್ ಮಾತು ಅದರ ಪೆಟ್ಟಿಗೆ ಒಗ್ಗಿಕೊಂಡು ಓಡುತ್ತದೆ. ಬ್ರಾಂಕ್ಸ್ ಕೊಟ್ಟ ಕಲೆಯೊಂದು ಐವತ್ತು ವರ್ಷ ದಾಟಿದ ಮೇಲೂ ಹೊಸ ತಾಳಕ್ಕೆ ನಾಲಿಗೆ ಹೊರಳಿಸಬಲ್ಲದೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಬೇಕಿಲ್ಲ. ಚೆಂಡೆಗೆ ಸಿಕ್ಕ ಈ ಮರ್ಯಾದೆ ತಂಬೂರಿ, ಗಗ್ಗರಗಳಿಗೂ ಸಲ್ಲಬೇಕು. ಅದಕ್ಕೆ ಕನ್ನಡದ ರ‍್ಯಾಪರ್‌ಗಳು ನೀಲಗಾರರ ಹಾಡನ್ನಲ್ಲ, ಅವರು ಹಾಡಿನಿಂದ ಮಾತಿಗೆ ದಾಟುವ ಆ ಗಳಿಗೆಯನ್ನು ಅಭ್ಯಾಸ ಮಾಡಬೇಕು.