ಪ್ರತಿಕಾಯ: ಮದ್ದು ಸಾಕ್ಷಿಯಾದ ಕಥೆ

ವಿಜ್ಞಾನದ ಚರಿತ್ರೆಯೆಂದರೆ ಸಿದ್ಧಾಂತಗಳ ಚರಿತ್ರೆಯೊಂದೇ ಅಲ್ಲ. ಉಪಕರಣಗಳ ಚರಿತ್ರೆಯೂ ಅಹುದು. ಖಗೋಲಶಾಸ್ತ್ರಕ್ಕೆ ದೂರದರ್ಶಕವಿದ್ದಂತೆ ಇಂದಿನ ಜೀವಶಾಸ್ತ್ರಕ್ಕೆ ಪ್ರತಿಕಾಯವಿದೆ. ರೋಗಾಣುಗಳನ್ನೆದುರಿಸಲು ಪ್ರಾಣಿಗಳ ಶರೀರದಲ್ಲಿ ಹುಟ್ಟುವ ಈ ಪ್ರೋಟೀನು, ಬೀಗಕ್ಕೆ ಅದರ ಕೀಲಿ ಕೂಡುವಂತೆ, ತನಗೆ ತಕ್ಕ ವಸ್ತುವನ್ನು ಹುಡುಕಿ ಹಿಡಿಯುತ್ತದೆ.

ಮೊದಲಿಗೆ ಇದು ಮದ್ದಾಗಿತ್ತು. 1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಜಪಾನಿನ ಕಿತಾಸಾತೊ ಎಂಬ ವಿದ್ವಾಂಸರು, ಧನುರ್ವಾಯುವಿನ ವಿಷಕ್ಕೆ ಒಗ್ಗಿಸಿದ ಪ್ರಾಣಿಯ ರಕ್ತದ್ರವವು ಮತ್ತೊಂದು ಪ್ರಾಣಿಯನ್ನು ಕಾಪಾಡಬಲ್ಲುದೆಂದು ತೋರಿಸಿದರು. ಗಂಟಲಮಾರಿಗೂ ಇದೇ ಮಾರ್ಗದ ಚಿಕಿತ್ಸೆ ಬಂದಿತು. ಆದರೆ ಅಂಥ ದ್ರವದಲ್ಲಿ ಹಲವು ಬಗೆಯ ಪ್ರತಿಕಾಯಗಳು ಬೆರೆತಿರುತ್ತವೆ. ಎರಡು ಪ್ರಾಣಿಗಳ ದ್ರವ ಒಂದೇ ತೆರನಾಗಿರುವುದಿಲ್ಲ. ಈ ತೊಡಕನ್ನು 1975ರಲ್ಲಿ ಕೇಂಬ್ರಿಜ್ಜಿನ ಕೋಲರ್ ಮತ್ತು ಮಿಲ್‌ಸ್ಟೀನ್ ಬಿಡಿಸಿದರು. ಪ್ರತಿಕಾಯವನ್ನು ತಯಾರಿಸುವ ಇಲಿಯ ಜೀವಕೋಶವನ್ನು ಅರ್ಬುದದ ಕೋಶದೊಡನೆ ಬೆಸೆದು, ಒಂದೇ ಬಗೆಯ ಪ್ರತಿಕಾಯವನ್ನು ನಿರಂತರವಾಗಿ ಪಡೆಯುವ ವಿಧಾನವನ್ನು ಕಂಡುಹಿಡಿದರು. 1984ರಲ್ಲಿ ಇವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ವಿಧಾನಕ್ಕೆ ಪೇಟೆಂಟು ಪಡೆಯಲಿಲ್ಲವೆಂಬುದು ಸ್ಮರಣೀಯ.

ಈ ಉಪಕರಣದಿಂದ ತಿಳಿದುಬಂದುದೇನು? ಜೀವಕೋಶವು ಪ್ರೋಟೀನುಗಳನ್ನು ಕಟ್ಟುವ ಬಗೆಯನ್ನೇ ವಿದ್ವಾಂಸರು ಬಹುಕಾಲ ಅರಸುತ್ತಿದ್ದರು. ಕೆಡಹುವ ಬಗೆಯತ್ತ ಲಕ್ಷ್ಯ ಕಡಿಮೆಯಿತ್ತು. 1980ರ ಸುಮಾರಿಗೆ ಇಸ್ರೇಲಿನ ಹರ್ಷ್‌ಕೊ, ಸೀಖನೋವರ್ ಮತ್ತು ಅಮೆರಿಕದ ರೋಸ್ ಇವರು, ಅಳಿಯಬೇಕಾದ ಪ್ರೋಟೀನಿಗೆ ಯೂಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನು ಗುರುತಿನ ಚೀಟಿಯಂತೆ ಅಂಟುವುದನ್ನು ಪ್ರಯೋಗನಾಳದಲ್ಲಿ ಕಂಡರು. ಜೀವಂತ ಕೋಶದಲ್ಲಿಯೂ ಹೀಗೆಯೇ ನಡೆಯುವುದೇ? 1982ರಲ್ಲಿ ಹರ್ಷ್‌ಕೊ ಮತ್ತು ಸಂಗಡಿಗರು ಯೂಬಿಕ್ವಿಟಿನ್ನನ್ನು ಹಿಡಿಯುವ ಪ್ರತಿಕಾಯವನ್ನು ಬಳಸಿ, ನಡೆಯುವುದೆಂದು ತೋರಿಸಿದರು. 2004ರಲ್ಲಿ ಈ ಮೂವರಿಗೂ ನೊಬೆಲ್ ಸಂದಿತು.

ಇತ್ತ 1986ರಲ್ಲಿ ರಂಜನ್ ಸೇನ್ ಮತ್ತು ಬಾಲ್ಟಿಮೋರ್ ಇವರು ಎನ್‌ಎಫ್-ಕಪ್ಪಾ-ಬಿ ಎಂಬ ಪ್ರೋಟೀನನ್ನು ಗುರುತಿಸಿದ್ದರು. ಉರಿಯೂತಕ್ಕೆ ಬೇಕಾದ ಅನೇಕ ಜೀನುಗಳನ್ನು ಎಬ್ಬಿಸುವುದು ಇದೇ. ಸಾಮಾನ್ಯ ಸ್ಥಿತಿಯಲ್ಲಿ ಐ-ಕಪ್ಪಾ-ಬಿ ಎಂಬ ಇನ್ನೊಂದು ಪ್ರೋಟೀನು ಇದನ್ನು ಕಟ್ಟಿಹಾಕಿರುತ್ತದೆ. ಅಪಾಯದ ಸಂಜ್ಞೆ ಬಂದಾಗ ಈ ಕಟ್ಟು ಬಿಚ್ಚುವ ಬಗೆ ಹೇಗೆ? ಕೋಶದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಗಾತ್ರಾನುಸಾರ ಬೇರ್ಪಡಿಸಿ, ತೆಳು ಹಾಳೆಗಿಳಿಸಿ, ಪ್ರತಿಕಾಯ ಸುರಿದರೆ ಬೇಕಾದ ಪ್ರೋಟೀನು ಪಟ್ಟಿಯಾಗಿ ಮೂಡುತ್ತದೆ. 1993ರ ಸುಮಾರಿಗೆ ಹಲವು ಪ್ರಯೋಗಶಾಲೆಗಳಲ್ಲಿ, ಸಂಜ್ಞೆ ತಲಪಿದ ಕೆಲವೇ ನಿಮಿಷಗಳಲ್ಲಿ ಐ-ಕಪ್ಪಾ-ಬಿಯ ಪಟ್ಟಿ ಮಾಯವಾಗಿ ತರುವಾಯ ಮರಳಿ ಮೂಡಿತು! ಕಾವಲುಗಾರನೇ ನಾಶವಾಗುತ್ತಿದ್ದನು. ಅವನನ್ನು ನಾಶಮಾಡುವುದು ಯೂಬಿಕ್ವಿಟಿನ್ ಚೀಟಿಯ ಪ್ರೋಟೀನುಗಳನ್ನು ಚೂರುಮಾಡುವ ಪ್ರೋಟಿಯಾಸೋಮ್ ಎಂಬ ಯಂತ್ರವೆಂದು 1994ರಲ್ಲಿ ತಿಳಿಯಿತು. ಹೀಗೆ ಎರಡು ಹೊಳೆಗಳು ಒಂದಾದವು. ಪ್ರೋಟಿಯಾಸೋಮನ್ನು ತಡೆಯುವ ಬಾರ್ಟೆಝೋಮಿಬ್ ಎಂಬ ಔಷಧಕ್ಕೆ 2003ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅದು ಗುಣಪಡಿಸಲೆಳಸುವುದು ಮೈಲೋಮವನ್ನು, ಎಂದರೆ ಪ್ರತಿಕಾಯ ತಯಾರಿಸುವ ಕೋಶಗಳ ಅರ್ಬುದವನ್ನೇ.

ಆದರೆ ಸಾಕ್ಷಿ ಸುಳ್ಳಾಡಿದರೆ? ಮಾರುಕಟ್ಟೆಯ ಪ್ರತಿಕಾಯಗಳಲ್ಲಿ ಕೆಲವು ತಮ್ಮ ಗುರಿಯನ್ನು ಬಿಟ್ಟು ಬೇರೆ ಪ್ರೋಟೀನನ್ನು ಹಿಡಿಯುತ್ತವೆ. ಅವನ್ನು ನಂಬಿದವರ ವರ್ಷಗಳ ಶ್ರಮವೂ, ಆ ಫಲಿತಾಂಶದ ಮೇಲೆ ಕಟ್ಟಿದ ಔಷಧದ ಆಸೆಯೂ ವ್ಯರ್ಥ. 2015ರಲ್ಲಿ ನೂರಕ್ಕೂ ಮಿಕ್ಕಿದ ವಿಜ್ಞಾನಿಗಳು ಸುಧಾರಣೆಗಾಗಿ ಬಹಿರಂಗವಾಗಿ ಒತ್ತಾಯಿಸಿದರು. 2016ರಲ್ಲಿ ಅಂತಾರಾಷ್ಟ್ರೀಯ ಮಂಡಲಿಯೊಂದು ಐದು ಪರೀಕ್ಷಾಮಾರ್ಗಗಳನ್ನು ಸೂಚಿಸಿತು. ಅವುಗಳಲ್ಲೊಂದು ಬಹು ಸರಳ: ಆ ಪ್ರೋಟೀನಿನ ಜೀನನ್ನೇ ತೆಗೆದುಹಾಕಿದ ಕೋಶದಲ್ಲಿಯೂ ಪಟ್ಟಿ ಮೂಡಿದರೆ ಆ ಸಾಕ್ಷಿ ನಂಬತಕ್ಕದ್ದಲ್ಲ.

ಗಡಿನಾಡಿನಲ್ಲಿ ಶಾಸನಗಳನ್ನೂ ಕಡತಗಳನ್ನೂ ಶೋಧಿಸುವ ನಮಗೆ ಈ ನ್ಯಾಯ ಅಪರಿಚಿತವಲ್ಲ. ಕಲ್ಲು ಹಳೆಯದೆಂಬ ಮಾತ್ರಕ್ಕೆ ಅದರ ಮಾತನ್ನು ನಾವು ಒಪ್ಪುವುದಿಲ್ಲ. ಲಿಪಿಯನ್ನು, ತಿಥಿಯನ್ನು, ಇತರ ಶಾಸನಗಳನ್ನು ತಾಳೆ ನೋಡುತ್ತೇವೆ. ತರಗತಿಯಲ್ಲಿ ವಿಜ್ಞಾನದ ಸತ್ಯಗಳನ್ನು ಹೇಳುವಾಗಲೂ ಅವುಗಳಿಗೆ ಸಾಕ್ಷಿ ಯಾವುದು, ಆ ಸಾಕ್ಷಿಯನ್ನು ಪರೀಕ್ಷಿಸಿದವರಾರು ಎಂಬುದನ್ನು ಜೊತೆಗೆ ಹೇಳುವುದು ಉಪಾಧ್ಯಾಯರಾದ ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.